ಪತ್ರೊಡೆಗೆ ಅರೆದ ಗೇರುಬೀಜ

ನೂಡಲ್ಸು ಏನೂ ಮಾಡಲಿಲ್ಲ. ಮಾಡಿದ್ದು ನಾನು.

ಇಷ್ಟು ಬರೆದು ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಬಳಗದಲ್ಲಿ ಹತ್ತು ವರ್ಷದಿಂದ ಬೇರೆಯೇ ಒಂದು ಮಾತು ಓಡಾಡುತ್ತಿದೆ — ಶಿರಸಿಯ ಆ ಸೊಸೆ ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ಮಗಳ ಡಬ್ಬಿಗೆ ಪ್ಯಾಕೆಟಿನ ನೂಡಲ್ಸು ತುಂಬಿ ಕೊಟ್ಟು, ಕೂಸನ್ನು ಸಾವಿನ ಬಾಗಿಲಿನವರೆಗೆ ಕಳಿಸಿದಳು ಎಂದು. ಆ ಸೊಸೆ ನನ್ನ ಸೊಸೆ ಸವಿತಾ. ಆ ಕೂಸು ನನ್ನ ಮೊಮ್ಮಗಳು ಮೇಘನಾ. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಹಾಗಾಗಿ ಅದು ಸುಳ್ಳು ಎಂದು ಹೇಳಬೇಕಾದವಳೂ ನಾನೇ. ನಾನು ನಾಲ್ಕನೇ ಇಯತ್ತೆ ಕಲಿತವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ತಿದ್ದಬೇಡಿ.

ಗಂಡ ಹೋದ ಮೇಲೆ ನಾನು ಶಿರಸಿಗೆ ಮಗನ ಮನೆಗೆ ಬಂದೆ. ಮಗ ಬಸ್ ಕಂಡಕ್ಟರ್. ಅವನ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಸವಿತಾ ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದಳು. ಅವಳು ಕೆಲಸಕ್ಕೆ ಹೋಗುವುದು ನನಗೆ ಸರಿಬರುತ್ತಿರಲಿಲ್ಲ ಎಂದು ಯಾರಾದರೂ ಅಂದುಕೊಂಡರೆ, ಹಾಗಲ್ಲ. ಅವಳ ಸಂಬಳದಲ್ಲಿ ಬಂದ ಫ್ರಿಜ್ಜಿನ ತಣ್ಣೀರನ್ನು ನಾನೂ ಕುಡಿದಿದ್ದೇನೆ. ನನಗೆ ಸರಿಬಾರದೇ ಇದ್ದದ್ದು ಆ ಡಬ್ಬಿ.

ವಾರದಲ್ಲಿ ಎರಡು ಮೂರು ದಿನ ನೂಡಲ್ಸು. ಉಳಿದ ದಿನ ಬ್ರೆಡ್ಡು ಜಾಮು, ಇಲ್ಲದಿದ್ದರೆ ಬೇಕರಿಯ ಬನ್ನು. ಕೂಸಿಗೂ ಅದೇ ಪ್ರೀತಿ. ನೂಡಲ್ಸಿನ ಮಸಾಲೆಗೆ ಬೆಳ್ಳುಳ್ಳಿಯ ವಾಸನೆ — ನಮ್ಮ ಒಲೆಗೆ ಅದು ಬಂದದ್ದೇ ಇಲ್ಲ. ಅದನ್ನು ಬೇಯಿಸುವ ಅಲ್ಯುಮಿನಿಯಂ ಪಾತ್ರೆಯನ್ನು ನಾನು ಅಡುಗೆಮನೆಯ ಕಪಾಟಿಗೆ ಸೇರಿಸಿರಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಡಿಸಿದ್ದೆ. ಅವಳೇ ತರಬೇಕು, ಅವಳೇ ಬೇಯಿಸಬೇಕು, ಅವಳೇ ತೊಳೆದು ಅಲ್ಲೇ ಕವುಚಿ ಇಡಬೇಕು. ನಾನು ಕೈ ತಾಗಿಸುತ್ತಿರಲಿಲ್ಲ. ಅವಳು ಎದುರಾಡಿದವಳಲ್ಲ. ಒಂದೇ ಒಂದು ಸಲ ನಗುತ್ತ ಕೇಳಿದ್ದಳು, "ಅತ್ತೆ, ಈ ಪಾತ್ರೆಯ ಸೂತಕ ಕಳೆಯೋದು ಯಾವಾಗ?" ಎಂದು. ನಾನು ನಗಲಿಲ್ಲ.

ಅವಳು ಮೊದಲು ಹೊರಡುತ್ತಿದ್ದಳು. ಕೂಸನ್ನು ಶಾಲೆಗೆ ನಡೆಸಿಕೊಂಡು ಹೋಗುವುದು ನನ್ನ ಪಾಲು. ನಡುವೆ ಒಂದು ತಾಸು ಮನೆ ನನ್ನದು. ಆ ಒಂದು ತಾಸಿನಲ್ಲಿ ನಾನು ಡಬ್ಬಿ ಬದಲಿಸುತ್ತಿದ್ದೆ. ನೂಡಲ್ಸನ್ನು ಬೀದಿಯ ದನಕ್ಕೆ ಹಾಕಿ, ಡಬ್ಬಿ ತೊಳೆದು, ತೆಳ್ಳೇವು ದೋಸೆಯೋ ಇಡ್ಲಿಯೋ, ಬೆಲ್ಲ ಕಾಯಿ ಕಲೆಸಿದ ಅವಲಕ್ಕಿಯೋ ತುಂಬುತ್ತಿದ್ದೆ. ಕೂಸು ಮುಖ ಸಣ್ಣ ಮಾಡಿ, ಇವತ್ತೊಂದು ದಿನ ನೂಡಲ್ಸೇ ಇರಲಿ ಅನ್ನುತ್ತಿತ್ತು. ನಾನು ಕೇಳುತ್ತಿರಲಿಲ್ಲ. ಶಾಲೆಯ ದಾರಿಯಲ್ಲಿ ಕೈ ಹಿಡಿದು ಹೇಳುತ್ತಿದ್ದೆ — "ಆಯಿಗೆ ಹೇಳಡ, ಆತಾ?" ಅದು ತಲೆಯಾಡಿಸುತ್ತಿತ್ತು. ತಾಯಿಗೆ ಹೇಳಬಾರದ್ದನ್ನು ಬಚ್ಚಿಟ್ಟುಕೊಳ್ಳಲು ಏಳು ವರ್ಷದ ಕೂಸಿಗೆ ಕಲಿಸಿದವಳು ನಾನು. ಇದನ್ನು ಮೊದಲೇ ಬರೆಯಬೇಕಿತ್ತು. ಬಹುಶಃ ಉಳಿದದ್ದಕ್ಕಿಂತ ದೊಡ್ಡ ತಪ್ಪು ಇದೇ —

ಇರಲಿ. ಗೇರುಬೀಜದ ವಿಷಯಕ್ಕೆ ಬರುತ್ತೇನೆ.

ನನ್ನ ನಾದಿನಿ ಕಮಲಾ, ಹೆಗಡೆಕಟ್ಟಾದಲ್ಲಿರುವವಳು, ಪ್ರತಿ ಬೇಸಿಗೆಗೆ ಒಂದು ಚೀಲ ಗೇರುಬೀಜ ಕಳಿಸುತ್ತಿದ್ದಳು. ಕೂಸು ಅದನ್ನು ತಿನ್ನುತ್ತಿರಲಿಲ್ಲ. ಪಾಯಸದಲ್ಲಿ ಸಿಕ್ಕರೆ ಎತ್ತಿ ಬಾಳೆಲೆಯ ತುದಿಗೆ ಸಾಲಾಗಿ ಇಡುತ್ತಿತ್ತು. ಯಾಕೆ ಎಂದರೆ, "ಬ್ಯಾಡ ಅಮ್ಮಮ್ಮ, ನಾಲಿಗೆ ಚುಚ್ಚತು" ಅನ್ನುತ್ತಿತ್ತು. ಸವಿತಾ, ಬೇಡ ಅಂದರೆ ಬಿಡಲಿ ಅತ್ತೆ ಅಂದಳು. ನನಗೆ ಸಿಟ್ಟು ಬಂತು. ಬೇಕರಿಯ ಹಳಸಲು ಬನ್ನು ಚುಚ್ಚುವುದಿಲ್ಲ, ಮನೆಯ ಗೇರುಬೀಜ ಚುಚ್ಚುತ್ತದೆಯೋ? ಕೂಸು ಕಡ್ಡಿಯಂತಿತ್ತು. ಅದಕ್ಕೆ ಹೊಟ್ಟೆಗೆ ಏನು ಹೋಗಬೇಕು ಎನ್ನುವುದು ನನಗೆ ಗೊತ್ತು, ಇವಳಿಗೆ ಗೊತ್ತಿಲ್ಲ ಎಂದುಕೊಂಡೆ. ಎತ್ತಿಡಲು ಬಾರದ ಹಾಗೆ ಕೊಟ್ಟರಾಯಿತು ಎಂದೂ ಅಂದುಕೊಂಡೆ.

ಶ್ರಾವಣದಲ್ಲಿ ಕೆಸವಿನ ಎಲೆ ಸಿಕ್ಕಿತು. ಪತ್ರೊಡೆ ಮಾಡಿದೆ. ನೆನೆಸಿದ ಅಕ್ಕಿ, ಕೊತ್ತಂಬರಿ, ಮೆಣಸು, ಹುಣಸೆಹಣ್ಣು, ಬೆಲ್ಲ, ಕಾಯಿ — ಜೊತೆಗೆ ಒಂದು ಹಿಡಿ ಗೇರುಬೀಜ. ಮಿಕ್ಸರಿನಲ್ಲಿ ಅರೆದರೆ ತರಿ ಉಳಿಯುತ್ತದೆ ಎಂದು ಒರಳಿನಲ್ಲಿ ನುಣ್ಣಗೆ ಅರೆದೆ. ಎಲೆಗೆ ಹಚ್ಚಿ, ಸುತ್ತಿ, ಬೇಯಿಸಿ, ಮರುದಿನ ಬೆಳಿಗ್ಗೆ ಬಿಲ್ಲೆ ಕೊಯ್ದು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದೆ. ಸವಿತಾ ಅಂದು ಡಬ್ಬಿಗೆ ತುಂಬಿದ್ದು ನೂಡಲ್ಸು. ಅದು ದನಕ್ಕೆ ಹೋಯಿತು.

ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಟೀಚರು ಮೊದಲು ಸವಿತಾಳಿಗೇ ಮಾಡಿದ್ದರಂತೆ, ಅವಳು ಎತ್ತಲಿಲ್ಲವಂತೆ. ಊಟ ಮಾಡಿದ ಮೇಲೆ ಮೇಘನಾ ಗಂಟಲು ತುರಿಸುತ್ತದೆ ಎನ್ನುತ್ತಿದ್ದಾಳೆ, ಮೈಮೇಲೆ ಕೆಂಪು ದದ್ದು ಎದ್ದಿದೆ ಎಂದರು. ನನಗೆ ಕೂಡಲೇ ಗೊತ್ತಾಯಿತು — ಗೊತ್ತಾಯಿತು ಎಂದುಕೊಂಡೆ. ಕೆಸು. ಹುಳಿ ಕಡಿಮೆ ಬಿದ್ದರೆ ಕೆಸು ಗಂಟಲು ತುರಿಸುತ್ತದೆ. ನಮ್ಮ ಕಡೆ ಇದು ತಿಳಿಯದವರು ಯಾರು? ಹುಣಸೆಹಣ್ಣು ನೆಕ್ಕಿಸಿ ಒಂದು ತುಂಡು ಬೆಲ್ಲ ಕೊಟ್ಟರೆ ಹೋಗುತ್ತದೆ. ಆದರೆ ಫೋನಿನಲ್ಲಿ ಕೆಸು ಎಂದರೆ ಡಬ್ಬಿಯ ಗುಟ್ಟು ಹೊರಬೀಳುತ್ತದಲ್ಲ. ಅದಕ್ಕೇ, ಅವಳ ತಾಯಿಗೆ ಮತ್ತೆ ಫೋನು ಮಾಡುವುದು ಬೇಡ, ನಾನೇ ಬರುತ್ತೇನೆ ಎಂದೆ. ಸೆರಗಿನ ತುದಿಗೆ ಹುಣಸೆಹಣ್ಣು ಕಟ್ಟಿಕೊಂಡು ಹೋದೆ.

ಕೂಸು ಬೆಂಚಿನ ಮೇಲೆ ಕೂತು ಕುತ್ತಿಗೆ ಕೆರೆಯುತ್ತಿತ್ತು. "ಅಮ್ಮಮ್ಮ, ಗಂಟಲು ತುರಸ್ತು" ಎಂದಿತು. ಅದನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಮನೆಗೆ ಕರೆದುಕೊಂಡು ಬಂದೆ. ಚಾಪೆಯ ಮೇಲೆ ಕೂರಿಸಿ ಹುಣಸೆಹಣ್ಣು ನೆಕ್ಕಿಸಿದೆ. ಬೆಲ್ಲ ಬಾಯಿಗಿಟ್ಟೆ. ಅದು ನುಂಗಲಿಲ್ಲ. ಒಂದು ಕುಕ್ಕರ್ ಅನ್ನ ಆಗುವಷ್ಟು ಹೊತ್ತು ನಾನು ಅದರ ಎದುರು ಕೂತು, ಈಗ ಕಡಿಮೆಯಾಗುತ್ತದೆ, ಈಗ ಕಡಿಮೆಯಾಗುತ್ತದೆ ಎಂದು ಕಾದೆ. ತುಟಿ ದಪ್ಪಗಾಯಿತು. ಕಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡಿತು. ಉಸಿರು ತೆಗೆಯುವಾಗ ಒಳಗಿಂದ ಸೀಟಿಯ ಹಾಗೆ ಸದ್ದು. ಇದು ಹುಣಸೆಹಣ್ಣಿಗೆ ಇಳಿಯುವ ತುರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೂ ಸ್ವಲ್ಪ ಹೊತ್ತು ಕಾದೆ. ಯಾಕೆ ಎಂದು ಕೇಳಿದರೆ — ಆಸ್ಪತ್ರೆಯಲ್ಲಿ ಏನು ತಿಂದಿದೆ ಎಂದು ಕೇಳುತ್ತಾರೆ. ಅಷ್ಟೇ. ಬೇರೆ ಕಾರಣವಿಲ್ಲ.

ಎದುರುಮನೆಯ ಆಟೊದ ಅಬ್ದುಲ್ ಊಟಕ್ಕೆ ಬಂದವನು ಕಿಟಕಿಯಿಂದ ನೋಡಿದ. ನಾನು ಕರೆದದ್ದಲ್ಲ. ಒಳಗೆ ಬಂದು ಕೂಸನ್ನು ಎತ್ತಿಕೊಂಡು, "ಅಮ್ಮ, ತುಟಿ ನೀಲಿ ಆಗಿದೆ. ಆಟೊ ಹತ್ತಿ" ಎಂದ.

ಆಸ್ಪತ್ರೆಯಲ್ಲಿ ಸೂಜಿ, ಮೂಗಿಗೆ ಆಮ್ಲಜನಕದ ನಳಿಕೆ, ಓಡಾಟ. ಒಬ್ಬ ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು, "ಏನು ತಿಂದಿದ್ದಾಳೆ?"

"ಅದರ ಆಯಿ ಡಬ್ಬಿಗೆ ಹಾಕಿದ ನೂಡಲ್ಸು" ಎಂದೆ.

ಬಾಯಿಂದ ಹಾಗೇ ಬಂತು ಎಂದು ಬರೆಯುವುದಿಲ್ಲ. ದಾರಿಯುದ್ದಕ್ಕೂ ಆಟೊದಲ್ಲಿ ಯೋಚಿಸಿ ಇಟ್ಟುಕೊಂಡಿದ್ದ ಮಾತು ಅದು. ಮಡಿಲಲ್ಲಿ ಕೂಸು ಉಸಿರಿಗೆ ಒದ್ದಾಡುತ್ತಿರುವಾಗ ನಾನು ಮಾತು ಹೊಂದಿಸುತ್ತಿದ್ದೆ.

ಸವಿತಾ ಓಡಿ ಬಂದಳು. ಡಾಕ್ಟರು ಅವಳಿಗೆ, ಆ ಪ್ಯಾಕೆಟಿನ ಮಸಾಲೆಯಲ್ಲಿ ಏನೋ ಮಗುವಿಗೆ ಒಗ್ಗಿಲ್ಲ, ಇನ್ನು ಮುಟ್ಟಿಸಬೇಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅವಳು ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಕೂಸಿಗೆ ಮಾತು ಬಂದಾಗ ಸವಿತಾ ಔಷಧಿ ತರಲು ಹೋಗಿದ್ದಳು. ನಾನು ಅದರ ಕಿವಿಯ ಹತ್ತಿರ ಬಗ್ಗಿ ಮತ್ತೆ ಅದನ್ನೇ ಹೇಳಿದೆ — "ಆಯಿಗೆ ಹೇಳಡ." ಅದು ತಲೆಯಾಡಿಸಿತು. ನಳಿಕೆ ಇನ್ನೂ ಮೂಗಿನಲ್ಲೇ ಇತ್ತು.

ಮನೆಗೆ ಗಂಜಿ ಮಾಡಲು ಬಂದವಳು ಮೊದಲು ಮಾಡಿದ ಕೆಲಸ, ಶಾಲೆಯ ಚೀಲದಿಂದ ಡಬ್ಬಿ ತೆಗೆದು ಎಣ್ಣೆಯ ವಾಸನೆ ಹೋಗುವವರೆಗೆ ತಿಕ್ಕಿದ್ದು. ಗಂಜಿಗೆ ಆಮೇಲೆ ನೀರಿಟ್ಟೆ.

ಕೂಸು ಮನೆಗೆ ಬಂದ ದಿನ ಸವಿತಾ ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಅತ್ತೆ, ಇನ್ನು ಡಬ್ಬಿ ಆನು ಕಟ್ತ್ನಿಲ್ಲೆ. ಯಂಗೆ ಹೆದರಿಕೆ ಆಗ್ತು. ನೀವೇ ಕಟ್ಟಿ" ಎಂದಳು. ನಾನು ತೆಗೆದುಕೊಂಡೆ. ತೆಗೆದುಕೊಂಡು, ಈಗಲಾದರೂ ಬುದ್ಧಿ ಬಂತಲ್ಲ ಎಂದೂ ಅಂದೆ. ಹೌದು, ಅಂದೆ.

ಅವಳು ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ. ಮಗ ಅವಳೊಂದಿಗೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಹೆಗಡೆಕಟ್ಟಾದಲ್ಲಿ ದೇವಕಾರ್ಯಕ್ಕೆ ಹೋದಾಗ, ಹೆಂಗಸರೆಲ್ಲ ಬಾಳೆಲೆ ಒರೆಸುತ್ತ ಕೂತಿದ್ದಲ್ಲಿ ಕಮಲಾ ಅವಳಿಗೆ ಕೇಳುವ ಹಾಗೆಯೇ ಹೇಳಿದಳು — "ಎರಡು ದೋಸೆ ಎರೆಯಲೆ ಪುರಸೊತ್ತು ಇಲ್ಲೆ ಅಂದ್ರೆ ಮಕ್ಕ ಎಂತಕ್ಕೆ ಬೇಕು?" ಅತ್ತೆ ಇದ್ದಿದ್ದಕ್ಕೆ ಕೂಸು ಬದುಕಿತು ಎಂದು ಇನ್ನೊಬ್ಬಳು ಸೇರಿಸಿದಳು. ಸವಿತಾ ಒರೆಸಿದ ಎಲೆಯನ್ನೇ ಮತ್ತೆ ಒರೆಸುತ್ತಿದ್ದಳು. ನನಗೆ ಆಗ ಏನನ್ನಿಸಿತು ಎಂದು ಬರೆಯದಿದ್ದರೆ ಇಷ್ಟೆಲ್ಲ ಬರೆದದ್ದು ದಂಡ. ಖುಷಿಯಾಯಿತು. ಜನ ಹೊಗಳಿದರು, ನನಗೆ ಖುಷಿಯಾಯಿತು.

ಅಲ್ಲಿಯವರೆಗೂ ನಾನು, ನನ್ನ ಕೆಸು ಕೆಟ್ಟಿತು, ನನ್ನ ಕೈ ತಪ್ಪಿತು ಎಂದೇ ತಿಳಿದಿದ್ದೆ. ಒಬ್ಬರಿಗೂ ಗಂಟಲು ತುರಿಸದ ಹಾಗೆ ಜೀವಮಾನವಿಡೀ ಪತ್ರೊಡೆ ಮಾಡಿದವಳು. ಆ ಹೆಸರು ಹೋಗಬಾರದು ಎನ್ನುವುದೂ ಆ ಸುಳ್ಳಿನೊಳಗೆ ಇತ್ತು. ನಿಜ ತಿಳಿದದ್ದು ಮರುವರ್ಷ, ಹೆಗ್ಗರಣೆಯ ಕಡೆ ಒಂದು ಉಪನಯನದಲ್ಲಿ. ಬಡಿಸುವವರ ಒತ್ತಾಯಕ್ಕೆ ಕೂಸು ಒಂದು ತುತ್ತು ಕೇಸರಿಬಾತು ಬಾಯಿಗಿಟ್ಟಿತು. ಅದರಲ್ಲೊಂದು ಚೂರು ಗೇರುಬೀಜ. ನೋಡನೋಡುತ್ತ ಕೆಳತುಟಿ ದಪ್ಪಗಾಯಿತು. ಬಾಯಿಗೆ ಬೆರಳು ಹಾಕಿ ತೆಗೆದು, ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಬಾಯಿ ಮುಕ್ಕಳಿಸುವಂತೆ ಮಾಡಿದೆ. ನುಂಗಿರಲಿಲ್ಲ, ಬಾವು ಇಳಿಯಿತು. ಇರುವೆ ಕಚ್ಚಿತು ಎಂದು ಎಲ್ಲರಿಗೂ ಹೇಳಿದೆ. ಬಾವಿಕಟ್ಟೆಯ ಮೇಲೆ ಕೂತಾಗ ಪತ್ರೊಡೆಯ ಹಿಟ್ಟು ನೆನಪಾಯಿತು. ಒರಳು ನೆನಪಾಯಿತು. ನಾಲಿಗೆ ಚುಚ್ಚುತ್ತದೆ ಎಂದು ಕೂಸು ಹೇಳಿದ್ದು ನೆನಪಾಯಿತು. ಅದು ನಿಜವನ್ನೇ ಹೇಳಿತ್ತು. ತಾಯಿ ಅದನ್ನು ನಂಬಿದ್ದಳು. ನಾನು ಅರೆದು ತಿನ್ನಿಸಿದ್ದೆ.

ಆವತ್ತೇ ಹೇಳಬಹುದಿತ್ತು. ಹೇಳಿದ್ದರೆ ಸವಿತಾ ಕೆಲಸಕ್ಕೆ ವಾಪಸು ಹೋಗುತ್ತಿದ್ದಳೋ ಏನೋ — ಹೇಳಲಿಲ್ಲ. ಬದಲಿಗೆ ಕಾವಲು ಕೂತೆ. ನನಗೆ ಗೇರುಬೀಜ ತಿಂದರೆ ಎದೆ ಉರಿಯುತ್ತದೆ ಎಂದು ಹೇಳಿ ಮನೆಗೆ ತರುವುದನ್ನೇ ನಿಲ್ಲಿಸಿದೆ. ಎಲ್ಲಿ ಊಟಕ್ಕೆ ಹೋದರೂ ಕೂಸಿನ ಪಕ್ಕದ ಎಲೆ ನನ್ನದು. ಪಾಯಸ ಬಂದರೆ ಮೊದಲು ನನ್ನ ಬೆರಳು ಅದರೊಳಗೆ. ದೊಡ್ಡದಾದಂತೆ ಅದಕ್ಕೆ ನಾಚಿಕೆಯಾಗತೊಡಗಿತು, ನಾನು ಸಣ್ಣ ಕೂಸಾ ಎಂದು ಜಗಳ ತೆಗೆಯಿತು. ಜನ, ಎಂಥ ಪ್ರೀತಿಯ ಅಜ್ಜಿ ಎಂದರು. ಮನೆಯಲ್ಲಿ ಸವಿತಾ ಸಾರಿಗೆ ಉಪ್ಪು ಹಾಕುವ ಮೊದಲು ನನ್ನನ್ನು ಕೇಳುತ್ತಿದ್ದಳು. ಆಫೀಸಿನಲ್ಲಿ ಅಷ್ಟು ಜನರ ಲೆಕ್ಕ ನೋಡಿಕೊಳ್ಳುತ್ತಿದ್ದವಳು, "ಇದು ಹಾಕ್ಲಾ ಅತ್ತೆ, ಕೂಸಿಗೆ ಎಂತೂ ಆಗ್ತಿಲ್ಲೆ ಅಲ್ದಾ?" ಎಂದು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಲ್ಲುತ್ತಿದ್ದಳು. ಹಾಕು ಎಂದು ನಾನು ಅಪ್ಪಣೆ ಕೊಡುತ್ತಿದ್ದೆ.

ಈ ವರ್ಷ ಮೇಘನಾಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಹಾಸ್ಟೆಲ್ಲು. ಅಲ್ಲಿ ಅವಳ ಪಕ್ಕದ ಎಲೆಗೆ ನಾನಿಲ್ಲ. ಬೇಸಿಗೆಯಿಡೀ ಇದೇ ಯೋಚನೆ. ಇವಳು ದೂರವಿಡುವುದು ನೂಡಲ್ಸನ್ನು, ಕೊಲ್ಲುವುದು ಇನ್ನೊಂದು. ಅದು ಒಬ್ಬ ಮುದುಕಿಗೆ ಮಾತ್ರ ಗೊತ್ತು, ಆ ಮುದುಕಿ ಇವತ್ತೋ ನಾಳೆಯೋ. ಆದರೂ ದಿನ ದೂಡಿದೆ. ಗೇರುಬೀಜ ಅವಳಿಗೆ ಉಷ್ಣ ಎಂದು ಅರ್ಧ ಮಾತು ಹೇಳಿ ನೋಡಿದೆ. ಅದು ನಿನಗೆ ಆಗದ್ದು, ನನಗಲ್ಲ ಎಂದು ಅವಳು ನಕ್ಕಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸವಿತಾ ಮತ್ತು ಮೇಘನಾ ನೆಲದ ಮೇಲೆ ಕೂತು ಬ್ಯಾಗು ತುಂಬುತ್ತಿದ್ದರು. ಮಗ ರಜೆ ಹಾಕಿ ಮನೆಯಲ್ಲಿದ್ದ. ಹಾಸ್ಟೆಲ್ಲಿಗೆಂದು ಕಮಲಾ ಒಂದು ಡಬ್ಬ ಉಂಡೆ ಕಳಿಸಿದ್ದಳು. ನೋಡಿದರೆ ಏನೂ ತಿಳಿಯದು, ಎಳ್ಳುಂಡೆಯ ಬಣ್ಣ. ಮುಚ್ಚಳ ತೆಗೆದಾಗ ವಾಸನೆ ಬಂತು. ಗೇರುಬೀಜವನ್ನು ಹುರಿದು ನುಣ್ಣಗೆ ಪುಡಿ ಮಾಡಿ ಸೇರಿಸಿದ್ದಳು. ನಾನು ಅರೆದ ಹಾಗೆಯೇ. ಮೇಘನಾ ಒಂದು ಉಂಡೆ ಎತ್ತಿ ಬಾಯಿಯ ಹತ್ತಿರ ತಂದಳು.

ನಾನು ಅವಳ ಕೈಗೆ ಹೊಡೆದೆ. ಉಂಡೆ ಒಡೆದು ಬಟ್ಟೆಗಳ ಮೇಲೆಲ್ಲ ಚೆಲ್ಲಿತು. ಮೂವರೂ ನನ್ನನ್ನೇ ನೋಡಿದರು. ಆಗ ಹೇಳಿದೆ. ಇಲ್ಲಿ ಬರೆದ ಹಾಗೆ ಸರಿಯಾಗಿ ಹೇಳಲು ಬರಲಿಲ್ಲ. ಪತ್ರೊಡೆ, ಒರಳು, ಆಟೊ, ಡಾಕ್ಟರು ಎಂದು ಹಿಂದುಮುಂದಾಗಿ ಹೇಳಿದೆ. ಮಗ ಎದ್ದು ಹೊರಗೆ ಹೋದ.

ಸವಿತಾ ಬಹಳ ಹೊತ್ತು ಬಟ್ಟೆಯ ಮೇಲಿನ ಪುಡಿ ಕೊಡವುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು. "ಕೂಸು ಮನಗಿದಾಗೆಲ್ಲ ಉಸಿರು ಆಡ್ತಾ ಹೇಳಿ ಮೂಗಿನ ಹತ್ತಿರ ಕೈ ಹಿಡಿದು ನೋಡ್ತಿದ್ದೆ, ಅತ್ತೆ. ಆನೇ ಮಾಡಿದ್ದು ಹೇಳಿ ತಿಳ್ಕಂಡಿದ್ದೆ. ನಿಂಗಕ್ಕೆ ಅದು ಕಾಣ್ತಿತ್ತು."

ಕಾಣುತ್ತಿತ್ತು. ಹೌದು.

ನಾನು ಮೇಘನಾಳ ಕಡೆ ತಿರುಗಿ, ನಿನಗೆ ಪತ್ರೊಡೆ ತಿಂದದ್ದು ನೆನಪಿರಲಿಲ್ಲವೇ ಎಂದು ಕೇಳಿದೆ. ಮರೆತಿದೆ ಅನ್ನಲಿ ಎಂದು ಆಸೆಪಟ್ಟು ಕೇಳಿದ್ದು. ಅವಳು ತಾಯಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಎಲ್ಲಾ ನೆನಪಿತ್ತು. ನೀನೇ ಹೇಳಡ ಹೇಳಿದ್ಯಲೆ, ಅಮ್ಮಮ್ಮ."

ಕೆಸವೇ ಕಾರಣ ಎಂದು ಅವಳು ತಿಳಿದುಕೊಂಡಿದ್ದಳು. ಪತ್ರೊಡೆ ಮುಟ್ಟದಿದ್ದರೆ ಸಾಕು, ಅಮ್ಮಮ್ಮನ ಮಾನವೂ ಉಳಿಯುತ್ತದೆ ಎಂದುಕೊಂಡಿದ್ದಳು. ಕಮಲಾ ಎಲೆ ಒರೆಸುತ್ತ ಆ ಮಾತು ಆಡಿದಾಗ ಈ ಕೂಸು ಅಲ್ಲೇ, ತಾಯಿಯ ಬೆನ್ನಿಗೆ ಒರಗಿ ಕೂತಿತ್ತು. ನನಗೆ ಈಗ ನೆನಪಾಗುತ್ತಿದೆ. ಎಂಟು ವರ್ಷವೂ ತುಂಬದ್ದು, ಬಾಯಿ ಬಿಗಿ ಹಿಡಿದು —

ಅದನ್ನು ಮುಂದೆ ಬರೆಯಲಾರೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡುವ ಕೆಲಸವನ್ನೂ ಅವರಿಗೇ ಹಚ್ಚಿದಂತಾಗುತ್ತದೆ.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಒಲೆ ಹೊತ್ತಿತ್ತು. ಹಿತ್ತಿಲಲ್ಲಿ ಹತ್ತು ವರ್ಷ ಕವುಚಿ ಬಿದ್ದಿದ್ದ ಆ ಅಲ್ಯುಮಿನಿಯಂ ಪಾತ್ರೆಯನ್ನು ಸವಿತಾ ಒಳಗೆ ತಂದಿದ್ದಳು. ಬಸ್ಸಿನ ದಾರಿಗೆಂದು ಮಗಳಿಗೆ ನೂಡಲ್ಸು ಮಾಡುತ್ತಿದ್ದಳು. ಪ್ಯಾಕೆಟಿನ ಹಿಂಬದಿಯನ್ನು ದೀಪಕ್ಕೆ ಹಿಡಿದು ಎರಡೆರಡು ಸಲ ಓದಿದಳು. ನನ್ನನ್ನು ಏನೂ ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಮೊದಲು ಡಾಕ್ಟರಲ್ಲಿಗೆ, ಆಮೇಲೆ ಹಾಸ್ಟೆಲ್ಲಿಗೆ ಎಂದು ಮಗನಿಗೆ ಹೇಳಿದಳು. ಮೂವರೂ ಹೊರಟರು. ಮೇಘನಾ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ.

ನಾನು ಆ ಪಾತ್ರೆಯನ್ನು ತೊಳೆದೆ. ಒರೆಸಿ, ಅಡುಗೆಮನೆಯ ಕಪಾಟಿನಲ್ಲಿ ಉಳಿದ ಪಾತ್ರೆಗಳ ಜೊತೆ ಇಟ್ಟೆ. ಬಾಗಿಲಿಗೆ ಬೀಗ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆದು, ಹೆಗಡೆಕಟ್ಟಾದ ಬಸ್ಸು ಹತ್ತಿದೆ.

ಕಮಲಾ ಜಗಲಿಯ ಮೇಲಿದ್ದಳು. ಇಷ್ಟು ಬೆಳಿಗ್ಗೆ ಒಬ್ಬಳೇ ಬಂದದ್ದು ನೋಡಿ ಗಾಬರಿಯಾಗಿ, ಕೂತುಕೋ ಅತ್ತಿಗೆ, ಚಹಾ ಮಾಡುತ್ತೇನೆ ಎಂದು ಒಳಗೆ ಹೊರಟಳು.

"ಚಾ ಬ್ಯಾಡ" ಎಂದೆ. "ಮನೇಲಿದ್ದವ್ರನ್ನೆಲ್ಲ ಹೊರಗೆ ಕರಿ. ಆನು ಒಂದು ಸುಳ್ಳು ಹೇಳಿದ್ದೆ."